ಮನೆ ವರ್ಕ್‌ಶಾಪ್ ಪ್ರಶ್ನೋತ್ತರ: ಕೈಯಲ್ಲಿ ಹಿಡೀಬೇಡಿ, ವೈಸಿಗೆ ಕೊಡಿ

ಈ ಸಲ ಬಂದಿರೋ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಕೊಂಡು ಓದಿದಾಗ ಒಂದು ವಿಷಯ ಎದ್ದು ಕಾಣ್ತು. ಡ್ರಿಲ್ಲೋ ಗ್ರೈಂಡರೋ ಲೇತೋ (ಕೆಲಸದ ತುಂಡನ್ನೇ ತಿರುಗಿಸಿ ಕೊಯ್ಯೋ ಮಷೀನು), ಮಷೀನ್ ಯಾವುದೇ ಇರ್ಲಿ, ಏಟು ಬಿದ್ದಿರೋದು ಬಹಳಷ್ಟು ಸಲ ಕೆಲಸದ ತುಂಡನ್ನ ಸರಿಯಾಗಿ ಬಿಗಿದಿಡದೇ ಇದ್ದಾಗ. ಲೋಹ ಕೊಯ್ಯೋಕೆ ಮುಂಚೆ ಆ ಬಲವೆಲ್ಲ ಯಾವ ಕಡೆ ಹೋಗತ್ತೆ, ಅದನ್ನ ತಡ್ಕೊಳ್ಳೋದು ವೈಸಾ (ತುಂಡನ್ನ ಬಿಗಿದು ಹಿಡಿಯೋ ಬೆಂಚಿನ ಇಕ್ಕಳ) ನನ್ನ ಕೈಯಾ ಅಂತ ಒಂದು ಸಲ ಯೋಚನೆ ಮಾಡಿ, ಅಷ್ಟು ಸಾಕು, ಆಸ್ಪತ್ರೆಗೆ ಹೋಗೋ ಅರ್ಧ ಕಾರಣಗಳು ಅಲ್ಲೇ ತಪ್ಪತ್ತೆ. ಹಾಗಾಗಿ ಹಿಡಿತಕ್ಕೆ ಸಂಬಂಧಪಟ್ಟ ಪ್ರಶ್ನೆಗಳನ್ನ ಮೊದಲು ತಗೊಂಡಿದೀನಿ, ಹೊಗೆ, ಬೆಂಕಿ, ತುಕ್ಕು ಎಲ್ಲ ಆಮೇಲೆ.

ಪ್ರಶ್ನೆ: ಸರ್, ಒಂದು ಎಂಎಂ ದಪ್ಪದ ಕಬ್ಬಿಣದ ಶೀಟಿಗೆ 10 ಎಂಎಂ ತೂತು ಹೊಡೀತಿದ್ದೆ. ಎಡಗೈಯಲ್ಲಿ ಗಟ್ಟಿಯಾಗೇ ಹಿಡ್ಕೊಂಡಿದ್ದೆ. ಇನ್ನೇನು ತೂತು ಆಯ್ತು ಅನ್ನೋವಾಗ ಶೀಟು ಬಿಟ್ಟಿನ (ಡ್ರಿಲ್ಲಿನ ಕೊಯ್ಯೋ ಕಡ್ಡಿ) ಜೊತೆ ಗಿರ್ರಂತ ತಿರುಗಿ ಹೆಬ್ಬೆರಳಿನ ಬುಡ ಸೀಳ್ತು. ಬಿಟ್ ಮೊಂಡಾಗಿತ್ತಾ?

ಉತ್ತರ: ಮೊದಲು ಗಾಯ ಪೂರ್ತಿ ವಾಸಿಯಾಗ್ಲಿ, ಅಲ್ಲೀವರೆಗೂ ಡ್ರಿಲ್ ಮುಟ್ಟಬೇಡಿ. ಮತ್ತೆ ಇದು ಬಿಟ್ ಮೊಂಡಾಗಿದ್ದಕ್ಕೆ ಆಗಿದ್ದಲ್ಲ, ಹೊಸ ಚೂಪಾದ ಬಿಟ್ ಆಗಿದ್ರೂ ಇದೇ ಆಗ್ತಿತ್ತು, ಇನ್ನೂ ಜೋರಾಗೇ ಆಗ್ತಿತ್ತು. ಯಾಕೆ ಅಂದ್ರೆ ದಪ್ಪ ಲೋಹದಲ್ಲಿ ಬಿಟ್ಟಿನ ತುದಿ ಒಳಗೆ ಇರೋವಾಗ್ಲೇ ಅದರ ಪೂರ್ತಿ ಅಗಲ ತೂತಿನ ಒಳಗೆ ಇಳಿದಿರತ್ತೆ, ತೂತಿನ ಗೋಡೆನೇ ಬಿಟ್ಟನ್ನ ನೆಟ್ಟಗೆ ನಿಲ್ಲಿಸತ್ತೆ. ತೆಳು ಶೀಟಲ್ಲಿ ಹಾಗಲ್ಲ, ತುದಿ ಆ ಕಡೆ ಹೊರಗೆ ಬಂದ್ಬಿಟ್ಟಿರತ್ತೆ, ಅಗಲ ಇನ್ನೂ ಒಳಗೇ ಹೋಗಿರಲ್ಲ. ಆಗ ಬಿಟ್ಟಿಗೆ ನಡುವಿನ ಆಧಾರ ಇಲ್ಲ, ಅದು ಅಲ್ಲಾಡ್ತಾ ಅಲ್ಲಾಡ್ತಾ ಮೂರು ಮೂಲೆಯ ತೂತು ಮಾಡತ್ತೆ, ಕೊನೆಗೆ ಉಳಿದ ಅಂಚು ಬಿಟ್ಟಿನ ಸುರುಳಿಗೆ ಸಿಕ್ಕಿ ಶೀಟನ್ನ ಸ್ಕ್ರೂ ಥರ ಮೇಲಕ್ಕೆ ಎಳ್ಕೊಳತ್ತೆ. ಆ ಕ್ಷಣದಲ್ಲಿ ಮೋಟಾರಿನ ಪೂರ್ತಿ ಬಲ ಶೀಟಿನ ಅಂಚಿಗೆ ಬರತ್ತೆ, ಕೈ ಎಷ್ಟೇ ಗಟ್ಟಿ ಇದ್ರೂ ತಡೆಯೋಕಾಗಲ್ಲ.

ಮಾಡಬೇಕಾದ್ದು ಇಷ್ಟು. ಶೀಟನ್ನ ಎರಡು ಮರದ ಹಲಗೆ ನಡುವೆ ಇಟ್ಟು ಮೂರನ್ನೂ ಸೇರಿಸಿ ಡ್ರಿಲ್ ಟೇಬಲ್ಲಿಗೆ ಕ್ಲಾಂಪ್ ಹಾಕಿ, ಮೇಲಿನ ಹಲಗೆ ಬಿಟ್ಟಿಗೆ ದಾರಿ ಹಿಡಿದುಕೊಡತ್ತೆ, ಕೆಳಗಿನ ಹಲಗೆ ಶೀಟು ಬಗ್ಗದ ಹಾಗೆ ನೋಡ್ಕೊಳತ್ತೆ, ತೂತಿನ ಅಂಚಲ್ಲಿ ಬರ್ (ಎದ್ದು ನಿಲ್ಲೋ ಚೂಪು ಲೋಹ) ಕೂಡ ಕಮ್ಮಿ. ತೆಳು ಶೀಟಿನ ಕೆಲಸ ಜಾಸ್ತಿ ಇದ್ರೆ ಮೆಟ್ಟಿಲು ಮೆಟ್ಟಿಲಾಗಿರೋ ಸ್ಟೆಪ್ ಡ್ರಿಲ್ ತಗೊಳ್ಳಿ, ಅದು ತೆಳು ಲೋಹಕ್ಕೇ ಅಂತ ಮಾಡಿರೋದು. ಉದ್ದನೆ ಪಟ್ಟಿಗೆ ತೂತು ಹೊಡೆಯೋದಾದ್ರೆ ಉದ್ದ ತುದಿ ನಿಮ್ಮ ಎಡಕ್ಕೆ ಇದ್ದು ಡ್ರಿಲ್ಲಿನ ಕಂಬದ ಎಡ ಪಕ್ಕಕ್ಕೆ ಒರಗಿರ್ಲಿ, ಬಿಟ್ಟು ಪಟ್ಟಿಯನ್ನ ಎಳ್ಕೊಂಡ್ರೂ ಅದು ಹೋಗಿ ಕಂಬಕ್ಕೆ ತಾಗಿ ಅಲ್ಲೇ ನಿಲ್ಲತ್ತೆ, ನಿಮ್ಮ ಹೊಟ್ಟೆ ಕಡೆ ಬರಲ್ಲ. ತುಂಡು ತಿರುಗೋಕೆ ಶುರು ಮಾಡಿದ್ರೆ ಅದನ್ನ ಹಿಡಿಯೋಕೆ ಹೋಗಬೇಡಿ, ಹಿಂದೆ ಸರಿದು ಸ್ವಿಚ್ ಆಫ್ ಮಾಡಿ. ಗ್ಲೌಸ್ ಹಾಕ್ಕೊಂಡು ಡ್ರಿಲ್ ಮಾಡಿದ್ರೆ ಸೇಫು ಅಂತ ತುಂಬಾ ಜನ ಅಂದ್ಕೊಂಡಿದಾರೆ, ತಿರುಗೋ ಮಷೀನಿನ ಹತ್ರ ಅದು ತಲೆಕೆಳಗಾದ ಮಾತು, ಬಟ್ಟೆ ಸಿಕ್ಕಿದ್ರೆ ಅದರ ಜೊತೆ ಬೆರಳೂ ಹೋಗತ್ತೆ.

ಹಿತ್ತಾಳೆ ಬಗ್ಗೆನೂ ಒಂದು ಮಾತು, ಅದೂ ಇದೇ ರೀತಿ ಬಿಟ್ಟನ್ನ ಒಳಕ್ಕೆ ಎಳ್ಕೊಳ್ಳೋ ಲೋಹ. ಹಿತ್ತಾಳೆಗೆ ಅಂತಾನೇ ಒಂದು ಬಿಟ್ ಬೇರೆ ಇಟ್ಟು, ಅದರ ಕೊಯ್ಯೋ ಅಂಚಿನ ಮುಂಭಾಗವನ್ನ ಎಣ್ಣೆಕಲ್ಲಿಂದ ಕೂದಲೆಳೆಯಷ್ಟು ಚಪ್ಪಟೆ ಮಾಡ್ಕೊಳ್ಳಿ. ಆಮೇಲೆ ಅದು ಎಳ್ಕೊಳಲ್ಲ, ಹೆರೆದ ಹಾಗೆ ಸಲೀಸಾಗಿ ಇಳಿಯತ್ತೆ.

ಪ್ರಶ್ನೆ: ಡ್ರಿಲ್ ಎಷ್ಟು ಸ್ಪೀಡಲ್ಲಿ ಓಡಿಸಬೇಕು? ಸ್ಟೇನ್‌ಲೆಸ್ ಸ್ಟೀಲ್ ತೂತೇ ಆಗಲ್ಲ, ಬಿಟ್ ನೀಲಿಯಾಗಿ ಹೋಗತ್ತೆ.

ಉತ್ತರ: ಬಿಟ್ ನೀಲಿಯಾಯ್ತು ಅಂದ್ರೆ ಸ್ಪೀಡ್ ಜಾಸ್ತಿ, ಒತ್ತಡ ಕಮ್ಮಿ ಅಂತ ಅರ್ಥ. ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು) ಮೇಲೆ ನಿಮಿಷಕ್ಕೆ ಸುಮಾರು 25 ಮೀಟರ್ ಕೊಯ್ಯೋ ವೇಗ ಹಿಡ್ಕೊಂಡ್ರೆ 6 ಎಂಎಂ ಬಿಟ್ಟಿಗೆ 1300 ಆರ್‌ಪಿಎಂ, 12 ಎಂಎಂ ಬಿಟ್ಟಿಗೆ ಅದರ ಅರ್ಧ, ಅಂದ್ರೆ 650 ಬರತ್ತೆ. ಸ್ಟೇನ್‌ಲೆಸ್ಸಿಗೆ ಇದರಲ್ಲೂ ಅರ್ಧ ಮಾಡಿ, 6 ಎಂಎಂ ಬಿಟ್ಟಿಗೆ 600ರ ಆಸುಪಾಸು. ಸ್ಟೇನ್‌ಲೆಸ್ಸಿನ ಗುಣ ಏನಂದ್ರೆ ಉಜ್ಜಿದಷ್ಟೂ ಅದು ಗಟ್ಟಿಯಾಗತ್ತೆ. ಬಿಟ್ಟು ಕೊಯ್ಯದೇ ಬರೀ ಸುತ್ತುತಾ ಇದ್ರೆ ಕೆಲವೇ ಸೆಕೆಂಡಲ್ಲಿ ಆ ಜಾಗ ಕನ್ನಡಿ ಥರ ಹೊಳೆಯೋಕೆ ಶುರು ಆಗತ್ತೆ, ಆಮೇಲೆ ಅಲ್ಲಿ ಯಾವ ಬಿಟ್ಟೂ ಇಳಿಯಲ್ಲ. ನಿಧಾನ ಸ್ಪೀಡು, ಗಟ್ಟಿ ಒತ್ತು, ಕಟಿಂಗ್ ಆಯಿಲ್ ಧಾರಾಳವಾಗಿ, ಸುರುಳಿ ಬರ್ತಾ ಇರೋವರೆಗೂ ಒತ್ತು ಬಿಡಬೇಡಿ.

ಪ್ರಶ್ನೆ: ಅಲ್ಯೂಮಿನಿಯಂ ಬ್ಲಾಕಿನಲ್ಲಿ ಎಂ5 ಟ್ಯಾಪ್ (5 ಎಂಎಂ ಸ್ಕ್ರೂಗೆ ತೂತಿನೊಳಗೆ ಥ್ರೆಡ್ ಕೊಯ್ಯೋ ಟೂಲು) ಮುರೀತು, ತೂತಿನ ಬಾಯಿಗೆ ಸಮವಾಗಿ. ಬ್ಲಾಕಿನ ಉಳಿದ ಕೆಲಸ ಎಲ್ಲ ಮುಗಿದಿತ್ತು, ಎಸೆಯೋಕೆ ಮನಸ್ಸು ಬರ್ತಿಲ್ಲ. ಡ್ರಿಲ್ ಮಾಡೋಕೆ ಹೋದ್ರೆ ಬಿಟ್ಟು ಜಾರತ್ತೆ.

ಉತ್ತರ: ಇನ್ನು ಡ್ರಿಲ್ ಹಾಕಬೇಡಿ ದಯವಿಟ್ಟು. ಟ್ಯಾಪು ಬಿಟ್ಟಿನಷ್ಟೇ ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆತ್ತಗೆ, ಬಿಟ್ಟು ಪಕ್ಕಕ್ಕೆ ಜಾರಿ ಒಳ್ಳೇ ಲೋಹವನ್ನೇ ತಿನ್ನತ್ತೆ. ಬ್ಲಾಕ್ ಅಲ್ಯೂಮಿನಿಯಂ ಆಗಿರೋದು ನಿಮ್ಮ ಅದೃಷ್ಟ, ಇದಕ್ಕೆ ಗಡಿಯಾರ ರಿಪೇರಿಯವರು ಹಿಂದಿನಿಂದ್ಲೂ ಮಾಡ್ಕೊಂಡು ಬಂದಿರೋ ಒಂದು ಉಪಾಯ ಇದೆ, ಪಟಿಕ. ನೀರು ಶುದ್ಧಿಗೂ, ಕ್ಷೌರ ಆದ್ಮೇಲೆ ಗಾಯಕ್ಕೂ ಉಜ್ತಾರಲ್ಲ ಅದೇ. ಬಿಸಿನೀರಲ್ಲಿ ಕರಗೋವಷ್ಟು ಪಟಿಕ ಕರಗಿಸಿ, ಗಾಜಿನ ಪಾತ್ರೆಯಲ್ಲಿ ಬ್ಲಾಕನ್ನ ತೂತಿನ ಬಾಯಿ ಮೇಲೆ ಬರೋ ಹಾಗೆ ಮುಳುಗಿಸಿ, ಕುದಿಯೋದಕ್ಕೆ ಸ್ವಲ್ಪ ಕಮ್ಮಿ ಬಿಸಿಯಲ್ಲಿ ಇಡಿ. ಸ್ವಲ್ಪ ಹೊತ್ತಿಗೆ ತೂತಿನ ಬಾಯಿಂದ ಸಣ್ಣ ಸಣ್ಣ ಗುಳ್ಳೆ ಒಂದೇ ಸಾಲಾಗಿ ಏಳೋಕೆ ಶುರು ಆಗತ್ತೆ, ಬಾಯಿ ಸುತ್ತ ಕಪ್ಪು ಮಸಿ ಥರದ್ದು ಕೂರತ್ತೆ, ಅದೇ ನಿಮ್ಮ ಟ್ಯಾಪು ಕರಗಿ ಬರ್ತಿರೋದು. ಕಬ್ಬಿಣ ಕರಗತ್ತೆ, ಅಲ್ಯೂಮಿನಿಯಂ ಮತ್ತೆ ಹಿತ್ತಾಳೆ ಹೆಚ್ಚುಕಮ್ಮಿ ಹಾಗೇ ಉಳಿಯತ್ತೆ, ಮೇಲ್ಮೈ ಸ್ವಲ್ಪ ಮಂಕಾಗಬಹುದು ಅಷ್ಟೇ. ಕಾರ್ಬನ್ ಸ್ಟೀಲ್ ಟ್ಯಾಪ್ ಆದ್ರೆ ಬೇಗ, ಎಚ್‌ಎಸ್‌ಎಸ್ ಆದ್ರೆ ತುಂಬಾ ನಿಧಾನ, ಮಧ್ಯೆ ಮಧ್ಯೆ ಮಸಿ ತೊಳೆದು ಹೊಸ ಪಟಿಕದ ನೀರು ಹಾಕಿ ತಾಳ್ಮೆಯಿಂದ ಕಾಯಬೇಕು. ಆ ಪಾತ್ರೆನ ಮತ್ತೆ ಅಡುಗೆಗೆ ಬಳಸಬೇಡಿ. ಕಬ್ಬಿಣದ ಬ್ಲಾಕಿಗೆ ಮಾತ್ರ ಇದನ್ನ ಮಾಡೋ ಹಾಗಿಲ್ಲ, ಟ್ಯಾಪಿನ ಜೊತೆ ಬ್ಲಾಕೂ ಕರಗತ್ತೆ.

ಮುಂದಿನ ಸಲ ಮುರೀದೇ ಇರೋಕೆ, ತೂತಿನ ಅಳತೆ ಸರಿ ಇತ್ತಾ ಅಂತ ಮೊದಲು ನೋಡಿ. ಟ್ಯಾಪಿನ ಸೈಜಿನಲ್ಲಿ ಪಿಚ್ (ಒಂದು ಥ್ರೆಡ್ಡಿಂದ ಪಕ್ಕದ ಥ್ರೆಡ್ಡಿಗೆ ಇರೋ ದೂರ) ಕಳೀರಿ, ಅದೇ ತೂತಿನ ಸೈಜು. ಎಂ5ರ ಪಿಚ್ 0.8, ಹಾಗಾಗಿ 4.2. ಎಂ6ಕ್ಕೆ 5, ಎಂ8ಕ್ಕೆ 6.8, ಎಂ10ಕ್ಕೆ 8.5. ತುಂಬಾ ಜನ ಎಂ5ಕ್ಕೆ 4 ಎಂಎಂ ಬಿಟ್ ಹಾಕಿ ಟ್ಯಾಪನ್ನ ಬಲವಂತವಾಗಿ ತಿರುಗಿಸ್ತಾರೆ, 0.2 ಎಂಎಂ ಏನು ಮಹಾ ಅನ್ಸತ್ತೆ, ಟ್ಯಾಪಿಗೆ ಅದೇ ಮಹಾ. ಎರಡನೇದು ನೆಟ್ಟಗೆ ಹೋಗೋದು. ತೂತು ಹೊಡೆದ ಮೇಲೆ ತುಂಡನ್ನ ಡ್ರಿಲ್ ಟೇಬಲ್ಲಿಂದ ಬಿಚ್ಚಬೇಡಿ, ಬಿಟ್ ತೆಗೆದು ಅದೇ ಚಕ್ಕಿಗೆ (ಬಿಟ್ ಕಚ್ಚಿ ಹಿಡಿಯೋ ಭಾಗ) ಟ್ಯಾಪ್ ಕಚ್ಚಿಸಿ, ಮೋಟಾರ್ ಪ್ಲಗ್ ಕಿತ್ತು, ಚಕ್ಕನ್ನ ಕೈಯಲ್ಲೇ ತಿರುಗಿಸಿ ಮೊದಲ ಮೂರ್ನಾಲ್ಕು ಸುತ್ತು ಹಾಕಿ. ಟ್ಯಾಪ್ ಒಂದು ಸಲ ನೆಟ್ಟಗೆ ಕೂತ ಮೇಲೆ ಉಳಿದದ್ದನ್ನ ಹ್ಯಾಂಡಲ್ಲಿಂದ ಮುಗಿಸಬಹುದು. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹಚ್ಚಿ, ಅರ್ಧ ಸುತ್ತಿಗೊಂದು ಸಲ ಹಿಂದಕ್ಕೆ ತಿರುಗಿಸಿ ಚೂರು ಮುರೀರಿ. ಒಂದೇ ಕೈಯಲ್ಲಿ ಹ್ಯಾಂಡಲ್ಲಿನ ಒಂದೇ ತುದಿ ಹಿಡಿದು ತಿರುಗಿಸಿದ್ರೆ ಟ್ಯಾಪು ಬಗ್ಗತ್ತೆ, ಅದು ಬಗ್ಗೋ ಜಾತಿಯಲ್ಲ, ಮುರಿಯೋ ಜಾತಿ.

ಪ್ರಶ್ನೆ: ಚಿಕ್ಕ ಗ್ರೈಂಡರಿಗೆ ದೊಡ್ಡ ಕಟಿಂಗ್ ವೀಲ್ ಹಾಕೋಕೆ ಗಾರ್ಡ್ ತೆಗೆದು ಬಳಸ್ತಿದೀನಿ, ಆಳವಾಗಿ ಕಟ್ ಆಗತ್ತೆ. ಜಾಗ್ರತೆಯಿಂದ ಮಾಡಿದ್ರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ, ಇವತ್ತೇ ನಿಲ್ಲಿಸಿ. ಇದರಲ್ಲಿ ಜಾಗ್ರತೆ ಅನ್ನೋದು ಕೆಲಸಕ್ಕೆ ಬರಲ್ಲ, ಲೆಕ್ಕ ಕೆಲಸಕ್ಕೆ ಬರತ್ತೆ. ಈ ರೆಸಿನ್ ವೀಲುಗಳ ಅಂಚು ಸೆಕೆಂಡಿಗೆ 80 ಮೀಟರ್ ವೇಗದವರೆಗೆ ಓಡಬಹುದು ಅಂತ ಮಾಡಿರ್ತಾರೆ. 125 ಎಂಎಂ ವೀಲಿಗೆ ಅದು ಸುಮಾರು 12,200 ಆರ್‌ಪಿಎಂ, 180 ಎಂಎಂ ವೀಲಿಗೆ ಬರೀ 8,500. ನಿಮ್ಮ ಚಿಕ್ಕ ಗ್ರೈಂಡರು ಖಾಲಿ ಓಡೋವಾಗ 11,000ದ ಆಸುಪಾಸು ತಿರುಗತ್ತೆ. ಅದಕ್ಕೆ 180ರ ವೀಲು ಹಾಕಿದ್ರೆ ಅದು ತಡ್ಕೊಳ್ಳೋ ವೇಗಕ್ಕಿಂತ ಎಷ್ಟು ಜಾಸ್ತಿ ಓಡ್ತಿದೆ ಅಂತ ನೀವೇ ನೋಡಿ, ಸಿಡಿದಾಗ ತಡೆಯೋಕೆ ಗಾರ್ಡೂ ಇಲ್ಲ, ಎದುರಿಗೆ ಇರೋದು ನಿಮ್ಮ ಕುತ್ತಿಗೆ ಮತ್ತೆ ಮುಖ.

ವೀಲಿನ ಮಧ್ಯದ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಅಚ್ಚು ಹಾಕಿರ್ತಾರೆ, ಅದು ಅವಧಿ ಮುಗಿಯೋ ದಿನಾಂಕ, ಹಳೇ ಸ್ಟಾಕ್ ಸಿಕ್ತು ಅಂತ ಖುಷಿ ಪಡೋ ಮುಂಚೆ ಅದನ್ನ ಓದಿ. ನೆಲಕ್ಕೆ ಬಿದ್ದ ವೀಲು, ನೀರಲ್ಲಿ ನೆನೆದ ವೀಲು ಮುರಿದು ಎಸೀರಿ. ಹೊಸ ವೀಲು ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ ನೋಡಿ. ಇನ್ನು ಗ್ರೈಂಡರ್ ಒದೆಯೋದು ಸಾಮಾನ್ಯವಾಗಿ ಕಟ್ಟಿನ ಸೀಳು ಮುಚ್ಚಿಕೊಂಡು ವೀಲನ್ನ ಕಚ್ಚಿದಾಗ, ಪೈಪನ್ನ ಎರಡೂ ಕಡೆ ಆಧಾರ ಕೊಟ್ಟು ನಡುವೆ ಕತ್ತರಿಸಿದ್ರೆ ಹೀಗೇ ಆಗತ್ತೆ, ಎರಡು ಅರ್ಧವೂ ನಡುವಿಗೆ ಕುಸಿಯತ್ತೆ. ಒಂದು ಕಡೆ ವೈಸಲ್ಲಿ ಬಿಗಿದು ಇನ್ನೊಂದು ಕಡೆ ಬಿಡಿ, ಕತ್ತರಿಸೋ ತುದಿ ಕೆಳಕ್ಕೆ ಜೋತು ಸೀಳು ತಾನಾಗೇ ತೆರ್ಕೊಳತ್ತೆ. ಕಿಡಿ ಎಲ್ಲಿ ಹೋಗ್ತಿದೆ ಅಂತಾನೂ ನೋಡ್ಕೊಳ್ಳಿ, ಮರದ ಪುಡಿ ಇರೋ ಮೂಲೆಗೆ ಬಿದ್ದ ಕಿಡಿ ನೀವು ದೀಪ ಆರಿಸಿ ಹೋದ ಮೇಲೂ ಹೊಗೆಯಾಡ್ತಾ ಇರಬಹುದು, ಹಾಗಾಗಿ ಗ್ರೈಂಡಿಂಗ್ ಯಾವತ್ತೂ ದಿನದ ಕೊನೇ ಕೆಲಸ ಆಗೋದು ಬೇಡ.

ಪ್ರಶ್ನೆ: ಚಿಕ್ಕ ಲೇತಲ್ಲಿ ಪಾರ್ಟಿಂಗ್ (ತಿರುಗೋ ರಾಡನ್ನ ಕತ್ತರಿಸಿ ಬೇರೆ ಮಾಡೋದು) ಮಾಡೋಕೆ ಹೋದ್ರೆ ಇಡೀ ಮಷೀನ್ ಗಡಗಡ ನಡುಗತ್ತೆ, ಟೂಲ್ ಮುರಿಯತ್ತೆ. ಎಮರಿ ಪೇಪರಿಂದ ಪಾಲಿಶ್ ಮಾಡೋ ಸರಿ ವಿಧಾನನೂ ಹೇಳಿ.

ಉತ್ತರ: ನಡುಗ್ತಿದೆ ಅಂದ್ರೆ ಎಲ್ಲೋ ಹಿಡಿತ ಸಡಿಲ ಇದೆ. ಪಾರ್ಟಿಂಗ್ ಬ್ಲೇಡನ್ನ ಬೇಕಾದಷ್ಟೇ ಹೊರಗೆ ಬಿಡಿ, ರಾಡಿನ ಅರ್ಧ ಅಗಲಕ್ಕಿಂತ ಒಂದೆರಡು ಎಂಎಂ ಜಾಸ್ತಿ ಸಾಕು. ಕತ್ತರಿಸೋ ಜಾಗ ಚಕ್ಕಿಗೆ ಆದಷ್ಟೂ ಹತ್ರ ಇರ್ಲಿ. ಕ್ಯಾರೇಜ್ (ಟೂಲ್ ಹೊತ್ತು ಸರಿಯೋ ಭಾಗ) ಲಾಕ್ ಮಾಡಿ. ಸ್ಪೀಡನ್ನ ಟರ್ನಿಂಗ್ ಸ್ಪೀಡಿನ ಅರ್ಧಕ್ಕೆ ಇಳಿಸಿ, ಎಣ್ಣೆ ಬಿಡ್ತಾ ಇರಿ, ಹೆದರಿ ಹೆದರಿ ಒತ್ತಬೇಡಿ, ಬರೀ ಉಜ್ಜಿದ್ರೂ ನಡುಕ ಶುರು ಆಗತ್ತೆ.

ಟೂಲಿನ ಎತ್ತರ ನೋಡೋಕೆ ಒಂದು ಸುಲಭದ ದಾರಿ ಇದೆ. ಮಷೀನ್ ನಿಲ್ಲಿಸಿ, ತೆಳು ಸ್ಟೀಲ್ ಸ್ಕೇಲನ್ನ ನೆಟ್ಟಗೆ ಹಿಡಿದು ರಾಡಿಗೂ ಟೂಲ್ ತುದಿಗೂ ನಡುವೆ ಮೆಲ್ಲಗೆ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತ್ರೆ ಎತ್ತರ ಸರಿ. ಸ್ಕೇಲಿನ ತಲೆ ನಿಮ್ಮ ಕಡೆ ಬಾಗಿದ್ರೆ ಟೂಲ್ ಕೆಳಗಿದೆ, ಆ ಕಡೆ ಬಾಗಿದ್ರೆ ಮೇಲಿದೆ. ತಗಡಿನ ತುಂಡು ಅಡಿಗೆ ಕೊಟ್ಟು ಸರಿ ಮಾಡ್ಕೊಳ್ಳಿ.

ಎಮರಿ ವಿಷಯಕ್ಕೆ ಬಂದ್ರೆ ನಾನು ತುಂಬಾ ಗಟ್ಟಿಯಾಗಿ ಹೇಳ್ತೀನಿ, ಪಟ್ಟಿಯನ್ನ ತಿರುಗೋ ರಾಡಿಗೆ ಸುತ್ತಿ ಎರಡೂ ತುದಿ ಒಟ್ಟಿಗೆ ಹಿಡೀಬೇಡಿ, ಬೆರಳಿಗಂತೂ ಸುತ್ಕೊಳ್ಳಲೇಬೇಡಿ. ಪಟ್ಟಿ ಒಂದು ಸುತ್ತು ಬಿಗಿದ್ರೆ ಬೆರಳು ರಾಡಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಳತ್ತೆ. ಎಮರಿಯನ್ನ ಚಪ್ಪಟೆ ಅರದ ಅಥವಾ ಮರದ ಪಟ್ಟಿಯ ಅಡಿಗೆ ಇಟ್ಟು ಮೇಲಿಂದ ಒತ್ತಿ. ಆ ಅರಕ್ಕೆ ಹಿಡಿ ಇರಲೇಬೇಕು, ಹಿಡಿ ಇಲ್ಲದ ಅರ ಚಕ್ಕಿನ ಹಲ್ಲಿಗೆ ತಾಗಿದ್ರೆ ಅದರ ಚೂಪು ಬಾಲ ನೇರ ಅಂಗೈಗೆ ಇಳಿಯತ್ತೆ. ಚಕ್ ಕೀ ಬಗ್ಗೆ ಎಲ್ಲಾರಿಗೂ ಗೊತ್ತು ಆದ್ರೂ ಬರೀತೀನಿ, ಕೀ ಚಕ್ಕಲ್ಲಿ ಇರೋವರೆಗೂ ಕೈ ಕೀ ಮೇಲೆ ಇರ್ಲಿ, ಕೈ ತೆಗೆಯೋವಾಗ ಕೀನೂ ತೆಗೀರಿ.

ಪ್ರಶ್ನೆ: ಜಿ.ಐ. ಪೈಪಿನ ಸ್ಟ್ಯಾಂಡ್ ವೆಲ್ಡ್ ಮಾಡಿದೆ. ರಾತ್ರಿ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಏನೋ ಲೋಹದ ರುಚಿ. ಮಾರನೇ ದಿನ ಸರಿ ಹೋಯ್ತು. ವೆಲ್ಡಿಂಗಿಂದ ಜ್ವರ ಬರತ್ತಾ?

ಉತ್ತರ: ಬರತ್ತೆ, ನೀವು ಬರೆದಿರೋದು ಸತುವಿನ ಹೊಗೆ ಜ್ವರದ ಲಕ್ಷಣಾನೇ. ಜಿ.ಐ. ಪೈಪಿನ ಮೇಲಿರೋದು ಸತು, ಅದು 907 ಡಿಗ್ರಿ ಸೆಲ್ಸಿಯಸ್ಸಿಗೇ ಕುದ್ದು ಆವಿಯಾಗತ್ತೆ, ಕಬ್ಬಿಣ ಕರಗಬೇಕಾದ್ರೆ 1,500ರ ಹತ್ರ ಬೇಕು. ಅಂದ್ರೆ ಕಬ್ಬಿಣ ಕರಗೋಕೆ ಎಷ್ಟೋ ಮುಂಚೆ ಸತು ಹೊಗೆಯಾಗಿ ಎದ್ದಿರತ್ತೆ. ಹತ್ತಿಯ ಎಳೆ ಥರ ಬಿಳೀದು ಹಾರಾಡಿ ಸುತ್ತಲೂ ಕೂತಿರೋದನ್ನ ನೋಡಿರ್ತೀರ, ಅದೇ ಒಳಗೂ ಹೋಗಿದೆ. ಕೆಲವು ಗಂಟೆ ಬಿಟ್ಟು ಜ್ವರ ಬರತ್ತೆ, ಹಾಗಾಗಿ ಜನಕ್ಕೆ ಕಾರಣ ಹೊಳೆಯಲ್ಲ, ಫ್ಲೂ ಅಂದ್ಕೋತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯತ್ತೆ. ಆದ್ರೆ ಉಸಿರಾಟಕ್ಕೆ ಕಷ್ಟ ಆದ್ರೆ, ಎದೆ ಹಿಡಿದ ಹಾಗಾದ್ರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ, ಏನು ವೆಲ್ಡ್ ಮಾಡಿದ್ರಿ ಅಂತ ಬಿಡಿಸಿ ಹೇಳಿ. ಯಾಕೆ ಅಂದ್ರೆ ಕ್ಯಾಡ್ಮಿಯಂ ಲೇಪದ ಹಳೇ ಬೋಲ್ಟು, ಕ್ಯಾಡ್ಮಿಯಂ ಇರೋ ಬೆಳ್ಳಿ ಬೆಸುಗೆ ಇವುಗಳ ಹೊಗೆನೂ ಶುರುವಿಗೆ ಹೀಗೇ ಇರತ್ತೆ, ಅದು ಜೀವಕ್ಕೇ ಅಪಾಯ.

ಹಾಲು ಕುಡಿದು ವೆಲ್ಡ್ ಮಾಡಿದ್ರೆ ಏನೂ ಆಗಲ್ಲ ಅನ್ನೋ ಮಾತು ವೆಲ್ಡರುಗಳಲ್ಲಿ ಇದೆ, ಅದನ್ನ ನಂಬ್ಕೊಂಡು ಕೂರಬೇಡಿ, ಹೊಗೆ ಹೋಗೋದು ಶ್ವಾಸಕೋಶಕ್ಕೆ, ಹೊಟ್ಟೆಗಲ್ಲ. ವೆಲ್ಡ್ ಬರೋ ಜಾಗದ ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಸತುವನ್ನ ಮಾಸ್ಕ್ ಹಾಕ್ಕೊಂಡು ಉಜ್ಜಿ ತೆಗೀರಿ, ಪೈಪಿನ ಒಳಗಡೆನೂ ಇರತ್ತೆ ಅನ್ನೋದು ನೆನಪಿರ್ಲಿ. ಗಾಳಿ ಆಡೋ ಕಡೆ, ಗಾಳಿ ಪಕ್ಕದಿಂದ ಬರೋ ಹಾಗೆ ನಿಂತು, ತಲೆಯನ್ನ ಹೊಗೆ ಕಂಬದಿಂದ ಆಚೆ ಇಟ್ಕೊಂಡು ಮಾಡಿ, ಲೋಹದ ಹೊಗೆಗೆ ಅಂತ ಇರೋ ರೆಸ್ಪಿರೇಟರ್ ಹಾಕಿ, ಬಟ್ಟೆ ಕಟ್ಕೊಂಡ್ರೆ ಏನೂ ತಡೆಯಲ್ಲ.

ಇದೇ ಓದುಗರು ಪತ್ರದ ಕೊನೆಯಲ್ಲಿ, ವೆಲ್ಡ್ ಮುಂಚೆ ಎಣ್ಣೆ ತೆಗೆಯೋಕೆ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೀತೀನಿ ಅಂತ ಬರೆದಿದಾರೆ. ಅದನ್ನ ಓದಿ ನನಗೆ ಭಯ ಆಯ್ತು. ಡಬ್ಬಿ ಮೇಲೆ ಕ್ಲೋರಿನ್ ಇರೋ ದ್ರಾವಕ, ಟೆಟ್ರಾಕ್ಲೋರೋಎಥಿಲೀನ್ ಅಂತ ಏನಾದ್ರೂ ಇದ್ರೆ ಅದನ್ನ ವೆಲ್ಡಿಂಗ್ ಜಾಗದಿಂದ ಆಚೆ ಹಾಕಿ. ಆರ್ಕಿನ (ವೆಲ್ಡಿಂಗಿನಲ್ಲಿ ಉರಿಯೋ ಕರೆಂಟಿನ ಕಿಡಿ) ಬಿಸಿಗೆ, ಅದರ ಬೆಳಕಿಗೆ ಆ ಆವಿ ಒಡೆದು ಫಾಸ್ಜೀನ್ ಆಗತ್ತೆ, ಯುದ್ಧದಲ್ಲಿ ಜನರನ್ನ ಕೊಲ್ಲೋಕೆ ಬಳಸಿದ ಅನಿಲ ಅದು, ಒಂದು ಸಂದಿಯಲ್ಲಿ ನಿಂತಿರೋ ನಾಲ್ಕು ಹನಿನೂ ಸಾಕು. ಅಸಿಟೋನ್ ಬಳಸಿ, ಪೂರ್ತಿ ಒಣಗಿದ ಮೇಲೆ, ಡಬ್ಬಿ ಬಟ್ಟೆ ಎಲ್ಲ ದೂರ ಇಟ್ಟು ಆಮೇಲೆ ಆರ್ಕ್ ಹಚ್ಚಿ.

ಪ್ರಶ್ನೆ: ಖಾಲಿ ಡೀಸೆಲ್ ಡ್ರಮ್ಮನ್ನ ಗ್ರೈಂಡರಲ್ಲಿ ಅರ್ಧ ಮಾಡಿ ಒಲೆ ಮಾಡ್ಬೇಕು. ತೊಳೆದ್ರೆ ಸಾಕಾ?

ಉತ್ತರ: ಸಾಲದು. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮೇ ಅಪಾಯ, ಒಳಗೆ ಉಳಿದ ಆವಿ ಗಾಳಿ ಜೊತೆ ಸೇರಿ ಸಿಡಿಯೋಕೆ ತಯಾರಾಗಿರತ್ತೆ, ಮಡಿಕೆ ಸಂದಿಯಲ್ಲಿ ಇರೋ ಎಣ್ಣೆ ತೊಳೆದ್ರೂ ಹೋಗಲ್ಲ, ಬಿಸಿ ತಾಗಿದ ತಕ್ಷಣ ಮತ್ತೆ ಆವಿ ಬಿಡತ್ತೆ. ಹೊಸ ಶೀಟು ತಗೊಂಡು ಮಾಡಿ. ಎರಡೂ ಬಾಯಿ ಮುಚ್ಚಿರೋ ಪೈಪನ್ನ ಬಿಸಿ ಮಾಡೋದೂ ಇದೇ ಜಾತಿ ಅಪಾಯ, ಒಂದು ತೂತು ಹೊಡೆಯದೇ ಬೆಂಕಿ ಹತ್ರ ತರಬೇಡಿ.

ಪ್ರಶ್ನೆ: ಉಳಿ ಮಾಡೋಣ ಅಂತ ರಾಡನ್ನ ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದೆ. ಮೊದಲನೇ ರಾಡು ಮೆತ್ತಗೇ ಉಳೀತು, ಇನ್ನೊಂದು ಟಣ್ ಅಂತ ಬಿರುಕು ಬಿಡ್ತು. ಹದ ಹಾಕೋದು ಹೇಗೆ?

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದಕ್ಕೇ ಬರೀತೀನಿ. ಮೊದಲನೇ ರಾಡು ಮಾಮೂಲಿ ಎಂ.ಎಸ್. ಇರಬೇಕು, ಅದರಲ್ಲಿ ಕಾರ್ಬನ್ ಶೇಕಡಾ 0.25ಕ್ಕಿಂತ ಕಮ್ಮಿ, ಎಷ್ಟು ಸಲ ಕಾಯಿಸಿ ಅದ್ದಿದ್ರೂ ಗಟ್ಟಿಯಾಗಲ್ಲ. ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಎಂ.ಎಸ್. ಕಿಡಿ ಉದ್ದ ಗೆರೆಯಾಗಿ ಹೋಗತ್ತೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಜಾಸ್ತಿ ಕಾರ್ಬನ್ ಇರೋದು ಸುರುಸುರು ಬತ್ತಿ ಥರ ಪಟಪಟ ಅಂತ ಒಡೆದು ಹೂವಾಗತ್ತೆ. ಹಳೇ ಅರ ಒಂದನ್ನ ಪಕ್ಕದಲ್ಲಿ ಇಟ್ಕೊಂಡು ಹೋಲಿಸಿ ನೋಡಿದ್ರೆ ಒಂದೇ ದಿನದಲ್ಲಿ ಕಣ್ಣು ಪಳಗತ್ತೆ.

ಎರಡನೇದು ಒಳ್ಳೇ ಸ್ಟೀಲೇ, ತಣ್ಣೀರಿನ ಏಟಿಗೆ ಬಿರಿದಿದೆ, ಜಾಸ್ತಿ ಕಾಯಿಸಿದ್ದೂ ಕಾರಣ ಇರಬಹುದು. ಬಣ್ಣ ನೋಡಿ ಬಿಸಿ ಅಂದಾಜು ಮಾಡೋಕೆ ಮಂದ ಬೆಳಕು ಬೇಕು, ಬಿಸಿಲಲ್ಲಿ ಕಾಯಿಸಿದ್ರೆ ಕೆಂಪು ಕಾಣೋ ಹೊತ್ತಿಗೆ ಅಳತೆ ಮೀರಿರತ್ತೆ. ಅದಕ್ಕೇ ಆಯಸ್ಕಾಂತ ಇಟ್ಕೊಳ್ಳಿ. ಕಬ್ಬಿಣ ಸುಮಾರು 770 ಡಿಗ್ರಿಗೆ ಆಯಸ್ಕಾಂತಕ್ಕೆ ಅಂಟೋದು ಬಿಡತ್ತೆ, ಅಂಟೋದು ನಿಂತ ಮೇಲೆ ಇನ್ನೊಂದು ಚೂರು ಬಿಸಿ ಕೊಟ್ಟು ಅದ್ದಿ. ಯಾವ ಸ್ಟೀಲ್ ಅಂತ ಗೊತ್ತಿಲ್ಲದಿದ್ರೆ ನೀರಿನ ಬದಲು ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇರೋ ಅಡುಗೆ ಎಣ್ಣೆಯಿಂದ ಶುರು ಮಾಡಿ, ಲೋಹದ ಪಾತ್ರೆ, ಮುಚ್ಚೋಕೆ ಲೋಹದ ಮುಚ್ಚಳ ಪಕ್ಕದಲ್ಲೇ ಇರ್ಲಿ, ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕೋದಲ್ಲ, ಮುಚ್ಚಳ ಮುಚ್ಚೋದು. ರಾಡನ್ನ ಓರೆ ಮಾಡದೇ ನೆಟ್ಟಗೆ ಇಳಿಸಿ, ಓರೆ ಹೋದ್ರೆ ಒಂದು ಪಕ್ಕ ಮುಂಚೆ ತಣ್ಣಗಾಗಿ ಬಗ್ಗತ್ತೆ. ಆಮೇಲೆ ಅರ ಎಳೆದು ನೋಡಿ, ಗಾಜಿನ ಮೇಲೆ ಎಳೆದ ಹಾಗೆ ಜಾರಿದ್ರೆ ಗಟ್ಟಿಯಾಗಿದೆ.

ಈಗ ಅದು ಗಾಜಿನ ಹಾಗೇ ಇದೆ, ಕೈಜಾರಿ ಬಿದ್ರೂ ಒಡೆಯಬಹುದು, ನಾಳೆ ನೋಡ್ಕೊಂಡ್ರಾಯ್ತು ಅಂತ ಬಿಡದೇ ಆಗಲೇ ಹದ ಇಳಿಸಬೇಕು. ಒಂದು ಮುಖವನ್ನ ಎಮರಿಯಿಂದ ಬೆಳ್ಳಗೆ ಹೊಳೆಯೋ ಹಾಗೆ ಉಜ್ಜಿ, ತುದಿಗೆ ಬೆಂಕಿ ತೋರಿಸದೇ ಹಿಂದಿನಿಂದ ನಿಧಾನ ಕಾಯಿಸಿ. ಸ್ವಲ್ಪ ಹೊತ್ತು ಏನೂ ಕಾಣಲ್ಲ, ಆಮೇಲೆ ಬೆಂಕಿ ಹತ್ರದಿಂದ ತೆಳು ಹಳದಿ ಶುರು ಆಗತ್ತೆ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ, ಒಂದರ ಹಿಂದೆ ಒಂದು ಸಾಲಾಗಿ ತುದಿ ಕಡೆ ತೆವಳ್ತಾ ಬರತ್ತೆ. ತೆಳು ಹಳದಿ ಸುಮಾರು 220, ಕಂದು 255, ನೇರಳೆ 275, ಕಡು ನೀಲಿ 300 ಡಿಗ್ರಿ. ಗೀಟು ಹಾಕೋ ಮೊಳೆಗೆ ಹಳದಿ ತುದಿಗೆ ಬಂದಾಗ ನಿಲ್ಲಿಸಿ, ಸುತ್ತಿಗೆ ಏಟು ತಿನ್ನೋ ಉಳಿಗೆ ನೇರಳೆ ತುದಿ ದಾಟಿ ನೀಲಿ ಇಣುಕೋವಾಗ ನಿಲ್ಲಿಸಿ, ನಿಲ್ಲಿಸೋದು ಅಂದ್ರೆ ತಕ್ಷಣ ನೀರಿಗೆ. ಬಣ್ಣ ಕೊನೆಯಲ್ಲಿ ಓಡತ್ತೆ, ಹಾಗಾಗಿ ಬೆಂಕಿಯನ್ನ ಸ್ವಲ್ಪ ಮುಂಚೆನೇ ಹಿಂದೆ ತಗೊಳ್ಳಿ. ಉಳಿಯ ತಲೆ ಮಾತ್ರ ಮೆತ್ತಗೇ ಇರ್ಬೇಕು, ಅದನ್ನ ಗಟ್ಟಿ ಮಾಡಿದ್ರೆ ಸುತ್ತಿಗೆ ಬಿದ್ದಾಗ ಚೂರು ಹಾರತ್ತೆ. ಹೊಡೆದು ಹೊಡೆದು ತಲೆ ಅಣಬೆ ಥರ ಅರಳಿದ್ರೆ ಆ ಅಂಚನ್ನ ಉಜ್ಜಿ ತೆಗೀತಾ ಇರಿ.

ಪ್ರಶ್ನೆ: ಎಣ್ಣೆ ಹಚ್ಚಿ ಇಟ್ರೂ ನನ್ನ ಟೂಲುಗಳಿಗೆಲ್ಲ ವಾರದೊಳಗೆ ತುಕ್ಕು. ಮಳೆನೂ ಇಲ್ಲ.

ಉತ್ತರ: ಆ ಕೋಣೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಬಾಟಲಿ ಇದೆಯಾ ನೋಡಿ, ಬೆಸುಗೆಗೋ ತುಕ್ಕು ತೆಗೆಯೋಕೋ ತಂದು ಇಟ್ಟಿರೋದು. ಮುಚ್ಚಳ ಬಿಗಿ ಇದ್ರೂ ಅದರ ಆವಿ ಸೋರ್ತಾ ಇರತ್ತೆ, ಕೋಣೆಯ ಎಲ್ಲಾ ಕಬ್ಬಿಣದ ಮೇಲೂ ಕೂರತ್ತೆ. ಹೊರಗೆ ಇಡಿ. ಆಸಿಡ್ ಇಲ್ಲ ಅಂದ್ರೆ ಮುಂಜಾನೆ ಇಬ್ಬನಿ ಕಾರಣ, ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಬೆಚ್ಚನೆ ಒದ್ದೆ ಗಾಳಿ ತಾಗಿದ್ರೆ ನೀರು ಕಟ್ಟತ್ತೆ. ಪ್ಲಾಸ್ಟಿಕ್ ಹೊದಿಸಿದ್ರೆ ತೇವ ಒಳಗೇ ಸಿಕ್ಕಿಕೊಳತ್ತೆ, ಎಣ್ಣೆ ಬಟ್ಟೆ ಹೊದಿಸಿ. ಬೆವರು ಕೈಯಲ್ಲಿ ಮುಟ್ಟಿದ ಬೆರಳಚ್ಚಿನ ಜಾಗದಲ್ಲೇ ತುಕ್ಕು ಬಂದಿದ್ರೆ ಕೆಲಸ ಮುಗಿದ ಮೇಲೆ ಒರೆಸಿ ಇಡೋ ಅಭ್ಯಾಸ ಮಾಡ್ಕೊಳ್ಳಿ.

ಪ್ರಶ್ನೆ: ನಾನು ಹೈಸ್ಕೂಲ್ ಓದ್ತಿದೀನಿ. ಕರೆಂಟಿಂದ ತುಕ್ಕು ತೆಗೀಬಹುದಂತೆ, ಉಪ್ಪು ನೀರಲ್ಲಿ ಮಾಡ್ಲಾ ಸರ್? ಸ್ಟೀಲ್ ಸ್ಪೂನ್ ಇದೆ.

ಉತ್ತರ: ತಮ್ಮಾ, ಉಪ್ಪೂ ಬೇಡ, ಸ್ಟೀಲ್ ಸ್ಪೂನೂ ಬೇಡ. ಉಪ್ಪು ಹಾಕಿದ್ರೆ ಕ್ಲೋರಿನ್ ಅನಿಲ ಬರತ್ತೆ, ಸ್ಟೇನ್‌ಲೆಸ್ ಹಾಕಿದ್ರೆ ಅದರ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗೆ ಇಳಿಯತ್ತೆ. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಪ್ಲಾಸ್ಟಿಕ್ ಬಕೆಟ್ಟಲ್ಲಿ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತುಕ್ಕು ಹಿಡಿದ ವಸ್ತುವಿಗೆ, ಪ್ಲಸ್ ಮಾಮೂಲಿ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಅದಲುಬದಲು ಆದ್ರೆ ನಿನ್ನ ಒಳ್ಳೇ ವಸ್ತುನೇ ಕರಗತ್ತೆ. ಗುಳ್ಳೆಯಾಗಿ ಬರೋದು ಹೈಡ್ರೋಜನ್, ಹಾಗಾಗಿ ಬಯಲಲ್ಲಿ ಮಾಡು, ಬೆಂಕಿ ಹತ್ರ ಬೇಡ, ಕ್ಲಿಪ್ ಮುಟ್ಟೋ ಮುಂಚೆ ಪ್ಲಗ್ ಕೀಳು, ಮನೆಯಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲೇ ಇರ್ಲಿ. ಅಲ್ಯೂಮಿನಿಯಂ ವಸ್ತು ಹಾಕಬೇಡ, ಸೋಡಾ ಅದನ್ನ ತಿನ್ನತ್ತೆ. ತೆಗೆದ ಮೇಲೆ ಕಪ್ಪು ಪದರ ಬ್ರಶ್ಶಿಂದ ಉಜ್ಜಿ, ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚು, ಸ್ವಲ್ಪ ಹೊತ್ತು ಬಿಟ್ರೂ ಹೊಸ ತುಕ್ಕು ಬರತ್ತೆ.

ಪ್ರಶ್ನೆ: ಗಾಗಲ್ಸ್ ಹಾಕ್ಕೊಂಡೇ ಗ್ರೈಂಡ್ ಮಾಡಿದ್ರೂ ಕಣ್ಣಿಗೆ ಚೂರು ಬಿತ್ತು, ಹೇಗೆ? ಆಯಸ್ಕಾಂತದಿಂದ ತೆಗೀಬಹುದಾ?

ಉತ್ತರ: ಗಾಗಲ್ಸ್ ತೆಗೆದ ಮೇಲೆ ಬಿದ್ದಿರತ್ತೆ. ಪುಡಿ ಹುಬ್ಬಿನಲ್ಲಿ, ತಲೆಗೂದಲಲ್ಲಿ ಕೂತಿರತ್ತೆ, ಗಾಗಲ್ಸ್ ಎತ್ತಿ ಹಣೆ ಒರೆಸ್ಕೊಂಡ್ರೆ ನೇರ ಕಣ್ಣಿಗೆ. ಮೊದಲು ತಲೆ ಬಗ್ಗಿಸಿ ಕೊಡವಿ, ಕಣ್ಣು ಮುಚ್ಚಿ ಗಾಗಲ್ಸ್ ತೆಗೆದು, ಕೈ ಮುಖ ತೊಳೀರಿ. ಬಿದ್ದ ಚೂರನ್ನ ಆಯಸ್ಕಾಂತ, ಬಟ್ಟೆ ತುದಿ, ಯಾವುದರಿಂದ್ಲೂ ಕೆದಕಬೇಡಿ, ಉಜ್ಜಲೂ ಬೇಡಿ, ನೀರಲ್ಲಿ ತೊಳೆದು ಹೋಗದಿದ್ರೆ ಅವತ್ತೇ ಕಣ್ಣಿನ ಡಾಕ್ಟರು. ಕಬ್ಬಿಣದ ಚೂರು ಕಣ್ಣಲ್ಲೇ ತುಕ್ಕು ಹಿಡಿದು ಸುತ್ತ ಕಂದು ಉಂಗುರ ಬಿಡತ್ತೆ, ತಡ ಮಾಡಿದಷ್ಟೂ ಅದನ್ನ ತೆಗೆಯೋದು ಕಷ್ಟ. ಸುತ್ತಿಗೆ ಏಟಿಗೆ ಹಾರಿದ ಚೂರಾದ್ರೆ ತೊಳೆಯೋಕೂ ನಿಲ್ಲಬೇಡಿ, ಅದು ಕಣ್ಣಿನ ಒಳಗೇ ಹೊಕ್ಕಿರಬಹುದು, ನೋವು ಇಲ್ಲದಿದ್ರೂ ತೋರಿಸಿ.

ಪ್ರಶ್ನೆ: ಬೆಂಚ್ ಗ್ರೈಂಡರಲ್ಲಿ ಅಲ್ಯೂಮಿನಿಯಂ ಉಜ್ಜಬಾರದು ಅಂತಾರೆ, ಯಾಕೆ?

ಉತ್ತರ: ಮೆತ್ತನೆ ಲೋಹ ಕಲ್ಲಿನ ರಂಧ್ರದಲ್ಲಿ ತುಂಬ್ಕೊಂಡು ಕಲ್ಲು ಕೊಯ್ಯೋದು ನಿಲ್ಲಿಸತ್ತೆ, ನೀವು ಇನ್ನೂ ಒತ್ತುತೀರ, ಕಲ್ಲು ಕಾದು ಒಡೆಯಬಹುದು. ಇನ್ನೊಂದು, ಅಲ್ಯೂಮಿನಿಯಂ ಪುಡಿ ಕಬ್ಬಿಣದ ತುಕ್ಕಿನ ಪುಡಿ ಜೊತೆ ಸೇರಿದ್ರೆ ಹಳಿ ಬೆಸೆಯೋಕೆ ಬಳಸೋ ಥರ್ಮೈಟಿನ ಮಿಶ್ರಣನೇ ಆಯ್ತು, ಅದರ ಮೇಲೆ ಕಿಡಿ ಬೀಳ್ತಾ ಇರತ್ತೆ. ಅಲ್ಯೂಮಿನಿಯಂಗೆ ಅರ ಬಳಸಿ, ಅರದ ಹಲ್ಲಿಗೆ ಮೊದಲು ಸೀಮೆಸುಣ್ಣ ಉಜ್ಜಿಕೊಂಡ್ರೆ ಲೋಹ ಅಂಟಲ್ಲ.

ಪ್ರಶ್ನೆ: ತೆಳು ಪೈಪ್ ಕತ್ತರಿಸೋವಾಗ ಹ್ಯಾಕ್ಸಾ ಬ್ಲೇಡಿನ ಹಲ್ಲು ಉದುರತ್ತೆ.

ಉತ್ತರ: ಲೋಹದ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲಾದ್ರೂ ಇರಬೇಕು. ತೆಳು ಪೈಪಿಗೆ ಇಂಚಿಗೆ 32 ಹಲ್ಲಿನ ಬ್ಲೇಡ್ ಹಾಕಿ, 18ರದ್ದು ದಪ್ಪ ರಾಡಿಗೆ. ಹಲ್ಲಿನ ಮುಖ ಮುಂದಕ್ಕೆ ಇರ್ಲಿ, ಮುಂದಕ್ಕೆ ತಳ್ಳೋವಾಗ ಒತ್ತಿ, ಹಿಂದಕ್ಕೆ ಎಳೆಯೋವಾಗ ಒತ್ತು ಬಿಡಿ. ಪೈಪಿನ ಒಂದೇ ಕಡೆಯಿಂದ ಪೂರ್ತಿ ಕೊಯ್ಯದೇ, ಒಳಗೋಡೆ ತಲುಪಿದ ತಕ್ಷಣ ವೈಸ್ ಸಡಿಲಿಸಿ ಪೈಪನ್ನ ಸ್ವಲ್ಪ ನಿಮ್ಮಿಂದ ಆಚೆಗೆ ಹೊರಳಿಸಿ ಮತ್ತೆ ಬಿಗಿದು ಕೊಯ್ಯಿರಿ, ಹೀಗೇ ಸುತ್ತಲೂ. ಪೈಪು ವೈಸಲ್ಲಿ ಚಪ್ಪಟೆಯಾಗ್ತಿದ್ರೆ ಒಳಗೆ ಒಂದು ಮರದ ಗೂಟ ಬಡೀರಿ.